ಯರೇಹಂಚಿನಾಳದ ಶಿವಮ್ಮ ನಮ್ಮ ಕಡೆ ಬರಲೇ ಇಲ್ಲ

‘ಮೂರ್ ತಾಸು ಕತ್ತಲಾಗ ಕುಂತು ಬರಾಕ ಎರಡೂವರಿ ನೂರು ರೂಪಾಯಿ ಕೊಟ್ಟೇನು?’

ಕಳೆದ ಅಕ್ಟೋಬರಿನಲ್ಲಿ ಹುಬ್ಬಳ್ಳಿಗೆ ಹೋಗಿ ‘ಕಾಂತಾರ: ಅಧ್ಯಾಯ 1’ ನೋಡಿಕೊಂಡು ಬಂದ ರಾತ್ರಿ ಅವ್ವ ಕೇಳಿದ ಪ್ರಶ್ನೆ ಇದು. ನಮ್ಮೂರಿನಲ್ಲಿ ಕಸ ತೆಗೆಯಲು ಹೋದರೆ ಹೆಣ್ಣಾಳಿಗೆ ಹೆಚ್ಚೂಕಡಿಮೆ ಅಷ್ಟೇ ಕೂಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದವರು ಸಂಜೆ ಸೊಂಟ ಹಿಡಿದುಕೊಂಡು ಬರುವಷ್ಟು ಹೊತ್ತಿನ ದುಡಿಮೆಯನ್ನು ನಾನು ಒಂದು ಮಧ್ಯಾಹ್ನ ತಂಪು ಕುರ್ಚಿಯಲ್ಲಿ ಕೂತು ಮುಗಿಸಿ ಬಂದಿದ್ದೆ. ‘ಹ್ಞೂಂ ಬೇ, ಚಲೋ ಇತ್ತು’ ಎಂದಷ್ಟೇ ಹೇಳಿ ಮಲಗಿದೆ. ಆದರೆ ಪ್ರಶ್ನೆ ಮಲಗಲಿಲ್ಲ. ಯಾವ ಸಿನಿಮಾ ಒಂದು ದಿನದ ಕೂಲಿಗೆ ಸಮ? ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ನಾನು ವಿಮರ್ಶಕಿ ಅಲ್ಲ. ಛಾಯಾಗ್ರಹಣ, ಸಂಕಲನ ಎಂದೆಲ್ಲ ಬಿಡಿಸಿ ಹೇಳಲು ಬರುವುದಿಲ್ಲ. ಪದವಿ ಮುಗಿಸಿ, ನರಗುಂದ ತಾಲ್ಲೂಕಿನ ಶಿರೋಳದ ಮನೆಯಲ್ಲಿ ಕೂತು ಪರೀಕ್ಷೆಗಳಿಗೆ ಓದುತ್ತಿರುವ, ನಡುನಡುವೆ ಸಿನಿಮಾ ನೋಡುವ ಹುಡುಗಿ. ಇಲ್ಲಿ ಬರೆದಿರುವುದು ಇತ್ತೀಚೆಗೆ ನೋಡಿದ ಕೆಲವು ಕನ್ನಡ ಸಿನಿಮಾಗಳ ಬಗ್ಗೆ ನನಗೆ ಅನಿಸಿದ್ದು. ನಿಮಗೆ ಬೇರೆ ಅನಿಸಬಹುದು.

ಬಸ್ ಪುಕ್ಕಟೆ, ಟಿಕೆಟ್ ಅಲ್ಲ

ನಮ್ಮಂಥ ಹಳ್ಳಿಯ ಹುಡುಗಿಯರಿಗೆ ಥಿಯೇಟರ್ ಹತ್ತಿರ ಬಂದದ್ದು 2023ರ ಜೂನ್‌ನಲ್ಲಿ ಎಂದರೆ ನಗಬೇಡಿ. ಶಕ್ತಿ ಯೋಜನೆ ಶುರುವಾದ ತಿಂಗಳದು. ಅದಕ್ಕೂ ಮೊದಲು ಹುಬ್ಬಳ್ಳಿ ಎಂದರೆ ಹೋಗಿಬರುವ ಬಸ್ಸಿನ ಖರ್ಚು, ಅದಕ್ಕೊಂದು ಕಾರಣ, ಜೊತೆಗೊಬ್ಬ ಅಣ್ಣನೋ ತಮ್ಮನೋ ಬೇಕಿತ್ತು. ಈಗ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ. ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ ಮುಟ್ಟುತ್ತೇವೆ. ಪರೀಕ್ಷೆಯ ಅರ್ಜಿ ತುಂಬುವುದು, ಪುಸ್ತಕ ತರುವುದು, ಅದರ ಜೊತೆಗೊಂದು ಸಿನಿಮಾ. ಬಸ್ಸಿನ ದುಡ್ಡು ಉಳಿಯಿತೆಂದೇ ಟಿಕೆಟಿನ ದುಡ್ಡು ಹುಟ್ಟಿತು.

ಆದರೆ ಆ ಟಿಕೆಟ್ ಇದೆಯಲ್ಲ, ಅದು ನಮ್ಮ ಕೈಗೆ ಸಿಗುವ ಹಾಗೆ ಕಾಣಿಸಿ ಮತ್ತೆ ಜಾರಿತು. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಮಲ್ಟಿಪ್ಲೆಕ್ಸ್ ಸೇರಿ ಎಲ್ಲ ಚಿತ್ರಮಂದಿರಗಳಲ್ಲೂ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುತ್ತೇವೆ ಎಂದು ಸರ್ಕಾರ ಹೇಳಿತು. ಸೆಪ್ಟೆಂಬರ್‌ನಲ್ಲಿ ನಿಯಮವೂ ಬಂತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಅಕ್ಟೋಬರ್ 2ರಂದು, ಬನ್ನಿ ಹಬ್ಬದ ದಿನವೇ, ಕಾಂತಾರ ತೆರೆಗೆ ಬಂತು. ನಾವು ನೋಡಿದ್ದು ಅದಾಗಿ ಒಂದು ವಾರಕ್ಕೆ, 250 ಕೊಟ್ಟು. ಮಾಲ್ ಕಟ್ಟಿದವರಿಗೆ ಅವರ ಖರ್ಚು ಇರುತ್ತದೆ, ಒಪ್ಪುತ್ತೇನೆ. ಆದರೆ ಕನ್ನಡ ಸಿನಿಮಾಕ್ಕೆ ಪ್ರೇಕ್ಷಕರೇ ಇಲ್ಲ ಎಂದು ಗೋಳಾಡುವವರು ಒಮ್ಮೆ ಈ ಲೆಕ್ಕ ಹಾಕಬೇಕು: ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದು ಸಿನಿಮಾ ನೋಡಿದರೆ ಸಾವಿರ ರೂಪಾಯಿ ಆಯಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ನಮ್ಮ ಬ್ಯಾಗಿನ ಚುರುಮುರಿ ಪೊಟ್ಟಣ ಬಾಗಿಲಲ್ಲೇ ಉಳಿಯಿತು ಎಂಬುದು ಬೇರೆ ಮಾತು.

ಸಿನಿಮಾ ಹೇಗಿತ್ತು? ಕಾಡು, ನೀರು, ಕುದುರೆ, ರಥ, ಎಲ್ಲವೂ ದೊಡ್ಡದು. ಕಡೆಯ ಅರ್ಧ ತಾಸು ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಇದನ್ನು ಫೋನಿನಲ್ಲಿ ನೋಡಿದ್ದರೆ ಏನೂ ಸಿಗುತ್ತಿರಲಿಲ್ಲ. ರುಕ್ಮಿಣಿ ವಸಂತ್ ಅವರ ಕನಕವತಿ ನನಗೆ ಎಲ್ಲರಿಗಿಂತ ಇಷ್ಟವಾದ ಪಾತ್ರ; ರಾಜಕುಮಾರಿ ಎಂದರೆ ನಾಯಕನನ್ನು ನೋಡಿ ನಾಚುವವಳು ಎಂದುಕೊಂಡಿದ್ದವರಿಗೆ ಅವಳು ಕೊಡುವ ತಿರುವು ಚೆನ್ನಾಗಿದೆ. ಮೊದಲರ್ಧದ ಹಾಸ್ಯ ಮಾತ್ರ ನನ್ನನ್ನು ಮುಟ್ಟಲಿಲ್ಲ, ಕತ್ತರಿಸಿದ್ದರೂ ನಡೆಯುತ್ತಿತ್ತು. ಇನ್ನೊಂದು ಮಾತು. 2022ರ ಮೊದಲ ‘ಕಾಂತಾರ’ದಲ್ಲಿ ಭೂಮಿ ಯಾರದು ಎಂಬ ಜಗಳ ನಮ್ಮೂರ ಜಗಳದಂತೆಯೇ ಇತ್ತು. ಹೊಲದ ಬದು, ಸರ್ವೇ, ಸಾಹುಕಾರ, ಎಲ್ಲ ಗೊತ್ತಿರುವುದೇ. ಈ ಸಲದ್ದು ರಾಜರ ಕಾಲದ್ದು. ಕಣ್ಣು ತುಂಬಿತು, ಆದರೆ ಮನೆಗೆ ತರುವಂಥದ್ದು ಕಡಿಮೆ ಸಿಕ್ಕಿತು.

ನಕ್ಕು ನಕ್ಕು ಆಮೇಲೆ

‘ಸು ಫ್ರಮ್ ಸೋ’ ನೋಡಿದ್ದು ಆಗಸ್ಟ್‌ನಲ್ಲಿ. ಅದು ಬಂದಿದ್ದು 2025ರ ಜುಲೈ 25ಕ್ಕೆ. ದೊಡ್ಡ ಹೀರೊ ಇಲ್ಲ, ಟ್ರೈಲರಿನ ಅಬ್ಬರ ಇಲ್ಲ, ನೋಡಿದವರ ಬಾಯಿಂದಲೇ ಓಡಿದ ಸಿನಿಮಾ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಕರಾವಳಿಯ ಒಂದು ಹಳ್ಳಿ, ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂಬ ಸುದ್ದಿ, ಊರಿಗೆ ಊರೇ ಗಾಬರಿ. ಥಿಯೇಟರ್ ತುಂಬ ನಗು. ನನ್ನ ಪಕ್ಕದ ಅಜ್ಜ ನಕ್ಕು ನಕ್ಕು ಕೆಮ್ಮಲು ಶುರು ಮಾಡಿದ್ದರು.

ಆ ಭಾಷೆ ನಮ್ಮದಲ್ಲ. ಮಂಗಳೂರು ಕಡೆಯ ಕನ್ನಡ. ಆದರೂ ಗದಗ, ಹುಬ್ಬಳ್ಳಿ ಕಡೆಯವರಿಗೆ ಒಂದು ಮಾತೂ ತಪ್ಪಲಿಲ್ಲ. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತೇನೆ.

ನನಗೆ ಕಿರಿಕಿರಿಯಾದ ಜಾಗವೂ ಒಂದಿದೆ. ಇಡೀ ಕಥೆ ಶುರುವಾಗುವುದೇ ಅಶೋಕ ಬಚ್ಚಲುಮನೆ ಇಣುಕಲು ಹೋಗಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲು ದೆವ್ವದ ನಾಟಕ ಆಡುವುದರಿಂದ. ಥಿಯೇಟರ್ ನಕ್ಕಿತು. ನಾವು ಮೂವರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಯಲಿನಲ್ಲೋ ತಟ್ಟಿ ಕಟ್ಟಿದ ಬಚ್ಚಲಿನಲ್ಲೋ ಮೈತೊಳೆದು ಬೆಳೆದವರಿಗೆ ಅದು ತಮಾಷೆ ಅಲ್ಲ. ಆದರೆ ಸಿನಿಮಾ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದೂ ನಿಜ. ಸುಲೋಚನಾಳ ಮಗಳು ಭಾನು ಬಂದ ಮೇಲೆ, ದೆವ್ವಕ್ಕಿಂತ ಬದುಕಿರುವ ಗಂಡಸರೇ ಹೆಣ್ಣಿಗೆ ಹೆಚ್ಚು ಕಾಟ ಕೊಡುತ್ತಾರೆ ಎಂಬಲ್ಲಿಗೆ ಕಥೆ ಹೊರಳುತ್ತದೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಕಣ್ಣಿನಲ್ಲೇ ಮಾಡಿದ್ದಾರೆ. ಅಶೋಕನೂ ಬದಲಾಗುತ್ತಾನೆ. ಅವನು ಇಣುಕಿದ ಮನೆಯ ಹುಡುಗಿಗೆ ಏನನಿಸಿತು ಎಂಬ ಒಂದು ದೃಶ್ಯ ಇದ್ದಿದ್ದರೆ ನನ್ನ ಪಾಲಿಗೆ ಅದು ಪೂರ್ತಿ ಸಿನಿಮಾ ಆಗುತ್ತಿತ್ತು.

ಮನು ಮಾಡಿದ ಅವಸರ

2023ರ ‘ಸಪ್ತ ಸಾಗರದಾಚೆ ಎಲ್ಲೋ’ ನಾನು ತಡವಾಗಿ ನೋಡಿದೆ, ಅದೂ ಫೋನಿನಲ್ಲಿ. ಮೊದಲ ಭಾಗ ಬಂದಾಗ ನಮ್ಮ ಕಾಲೇಜು ಹುಡುಗರ ವಾಟ್ಸ್ಆ್ಯಪ್ ಸ್ಟೇಟಸ್‌ ತುಂಬ ಅದೇ. ಮನು, ಪ್ರಿಯಾ, ಸಮುದ್ರ, ಅಳು. ‘ಏನ್ ಲವ್ ಸ್ಟೋರಿ ಲೇ’ ಎಂದು ಎಲ್ಲರೂ ಹೇಳಿದ್ದನ್ನು ಕೇಳಿ ಪ್ರೀತಿಯ ಸಿನಿಮಾ ಎಂದೇ ಕೂತೆ. ನನಗೆ ಕಂಡದ್ದು ಬೇರೆ.

ಮನು ಒಬ್ಬ ಡ್ರೈವರ್. ಅವನಿಗೂ ಅವಳಿಗೂ ಒಂದು ಮನೆ ಬೇಕು. ದೊಡ್ಡವರ ಮಗ ಮಾಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಂಡರೆ ದುಡ್ಡು ಸಿಗುತ್ತದೆ, ಸ್ವಲ್ಪ ದಿನದಲ್ಲಿ ಹೊರಗೆ ಬರಬಹುದು ಎಂಬ ಮಾತು ನಂಬುತ್ತಾನೆ. ಹೋಗುತ್ತಾನೆ. ಹೊರಗೆ ಬರುವುದಿಲ್ಲ. ಹೇಮಂತ್ ರಾವ್ ಅವರ ಆ ಸಿನಿಮಾ ನನ್ನ ಕಣ್ಣಿಗೆ ಪ್ರೀತಿಯದ್ದಕ್ಕಿಂತ ಹೆಚ್ಚಾಗಿ ಅವಸರದ್ದು. ಹತ್ತು ವರ್ಷದ ದುಡಿಮೆಯನ್ನು ಒಂದೇ ಏಟಿಗೆ ದಾಟಿಬಿಡೋಣ ಎಂದುಕೊಂಡವನ ಕಥೆ. ಹುಡುಗರು ಸ್ಟೇಟಸ್‌ಗೆ ಸಮುದ್ರ ಹಾಕಿಕೊಂಡರು. ನನಗೆ ನೆನಪಿರುವುದು ಅವನು ಒಪ್ಪಿಕೊಳ್ಳುವ ಗಳಿಗೆ. ಯಾಕೆಂದರೆ ಅಂಥದೊಂದು ಗಳಿಗೆಯಲ್ಲಿ ನಾನೂ ‘ಹ್ಞೂಂ’ ಎಂದಿದ್ದೆ.

ಹದಿನಾಲ್ಕು ಸಾವಿರ

2024ರ ಜುಲೈ. ಪದವಿಯ ಕೊನೆಯ ಪರೀಕ್ಷೆ ಮುಗಿದಿತ್ತು. ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ: ‘ಅಕ್ಕಾ, ದೊಡ್ಡ ಊರಾಗ ಜಾಬ್ ಐತಿ. ಇಂಟರ್‌ವ್ಯೂ ಅಷ್ಟ. ತಿಂಗಳಿಗೆ ಇಪ್ಪತ್ತು ಸಾವಿರ.’ ಹೋದೆ. ಒಂದು ಹಾಲ್‌ನಲ್ಲಿ ನನ್ನಂಥವರೇ ನೂರಾರು ಮಂದಿ. ಬೇಸಿಗೆಯಂಥ ಸೆಕೆಯಲ್ಲೂ ಟೈ ಕಟ್ಟಿಕೊಂಡ ಹುಡುಗರು ವೇದಿಕೆ ಮೇಲೆ ಬಂದು, ತಾನೂ ಹಳ್ಳಿಯವನೇ, ತನ್ನ ಅಪ್ಪನೂ ರೈತನೇ, ಈಗ ತನ್ನ ಬಳಿ ಕಾರಿದೆ ಎಂದರು. ಎಲ್ಲರೂ ಚಪ್ಪಾಳೆ. ಮೂರು ದಿನ ಅದೇ. ಕೊನೆಗೆ ತಿಳಿದದ್ದು, ಕೆಲಸ ಎಂದರೆ ಹದಿನಾಲ್ಕು ಸಾವಿರದ ಒಂದು ಕಿಟ್ ಕೊಳ್ಳುವುದು, ಮತ್ತೆ ಇಬ್ಬರಿಂದ ಕೊಳ್ಳಿಸುವುದು, ಆ ಇಬ್ಬರೂ ಇಬ್ಬಿಬ್ಬರಿಂದ ಕೊಳ್ಳಿಸುವುದು.

ಮೆಂಟಲ್ ಎಬಿಲಿಟಿ ಪುಸ್ತಕದಲ್ಲಿ ಇಂಥ ಲೆಕ್ಕವನ್ನು ಎಷ್ಟೋ ಸಲ ಬಿಡಿಸಿದವಳು ನಾನು. ಒಬ್ಬರಿಗೆ ಇಬ್ಬರಂತೆ ಹೋದರೆ ಹತ್ತನೇ ಮೆಟ್ಟಿಲಿಗೆ 1,024 ಮಂದಿ ಬೇಕು. ಇಪ್ಪತ್ತನೇ ಮೆಟ್ಟಿಲಿಗೆ ಹತ್ತು ಲಕ್ಷ ದಾಟುತ್ತದೆ. ಅಷ್ಟು ಮಂದಿ ಎಲ್ಲಿಂದ ಬರಬೇಕು? ಎರಡು ನಿಮಿಷ ಕೂತು ಯೋಚಿಸಿದ್ದರೆ ತಿಳಿಯುತ್ತಿತ್ತು. ಆದರೆ ಆ ಹಾಲ್‌ನಲ್ಲಿ ಎರಡು ನಿಮಿಷ ಸುಮ್ಮನೆ ಕೂರಲು ಬಿಡುವುದಿಲ್ಲ. ಅವ್ವ ಸಂಘದಲ್ಲಿ ಸಾಲ ತೆಗೆದು ಫೋನ್‌ಪೇ ಮಾಡಿಸಿದಳು. ಮಗಳಿಗೆ ಜಾಬ್ ಆಯಿತು ಎಂದು ಓಣಿಯವರಿಗೆಲ್ಲ ಪೇಢೆ ಹಂಚಿದಳು.

ಇಷ್ಟೇ ಆಗಿದ್ದರೆ ಮೋಸ ಹೋದೆ ಎಂದು ಅತ್ತು ಮುಗಿಸಬಹುದಿತ್ತು. ಆದರೆ ನಾನು ನನ್ನ ಗೆಳತಿಗೂ ಫೋನ್ ಮಾಡಿದೆ. ನನಗೆ ಹೇಳಿದ ಮಾತುಗಳನ್ನೇ ಹೇಳಿದೆ: ‘ಜಾಬ್ ಐತಿ, ಬಾ.’ ಅವಳು ನನ್ನನ್ನು ನಂಬಿ ಬಂದಳು. ಅಕ್ಕನ ಬೆಂಡೋಲೆ ಅಡವಿಟ್ಟು ಅಷ್ಟೇ ದುಡ್ಡು ಕಟ್ಟಿದಳು. ಎರಡು ತಿಂಗಳಲ್ಲಿ ಎಲ್ಲ ತಿಳಿದು ಇಬ್ಬರೂ ಊರಿಗೆ ಬಂದೆವು. ಅಲ್ಲಿಂದ ಅವಳು ನನ್ನ ಜೊತೆ ಮಾತಾಡಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಸಿಕ್ಕ ಶಿವಮ್ಮ

ಇದೆಲ್ಲ ಆಗಿ ವರ್ಷ ಕಳೆದ ಮೇಲೆ, ಸೋದರಮಾವನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ‘ಶಿವಮ್ಮ ಯರೇಹಂಚಿನಾಳ’ ಹಚ್ಚಿದ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ಗಜೇಂದ್ರಗಡ ದಾಟಿದರೆ ಆ ಸೀಮೆ ಶುರು. ಹೆಸರಿನಲ್ಲೇ ನಮ್ಮ ಎರಿ ಮಣ್ಣಿನ ನೆನಪಿದೆ. ಜೈಶಂಕರ್ ಆರ್ಯರ್ ಅದೇ ಊರಿನಲ್ಲಿ, ಊರವರನ್ನೇ ಇಟ್ಟುಕೊಂಡು ಆ ಸಿನಿಮಾ ಮಾಡಿದ್ದಾರೆ. ಶಿವಮ್ಮನಾಗಿ ಶರಣಮ್ಮ ಚಟ್ಟಿ. ರಿಷಬ್ ಶೆಟ್ಟಿ ನಿರ್ಮಾಪಕರು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದ ಸಿನಿಮಾ ಅದು.

ಶಿವಮ್ಮ ಸರ್ಕಾರಿ ಶಾಲೆಯ ಅಡುಗೆಯವಳು. ಗಂಡ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ಆಗಬೇಕು. ಮದುವೆಗೆಂದು ಇಟ್ಟ ದುಡ್ಡನ್ನು ಅವಳು ಶಕ್ತಿ ಕೊಡುವ ಪೇಯ ಮಾರುವ ಒಂದು ಚೈನ್ ವ್ಯಾಪಾರಕ್ಕೆ ಹಾಕುತ್ತಾಳೆ. ಓಣಿ ಓಣಿ ತಿರುಗಿ ಮಾರುತ್ತಾಳೆ. ನಂಬಿದವರು ತಗೊಳ್ಳುತ್ತಾರೆ, ಆಮೇಲೆ ತಿರುಗಿ ಬೀಳುತ್ತಾರೆ.

ಮೊದಲ ಹತ್ತು ನಿಮಿಷ ನಾನು ನಕ್ಕೆ. ನಮ್ಮೂರ ಕಟ್ಟೆ, ನಮ್ಮೂರ ಬೈಗುಳ, ನಮ್ಮೂರ ಸಂದಿ ಪರದೆ ಮೇಲೆ ಕಂಡರೆ ನಗು ಬರುತ್ತದೆ. ಆಮೇಲೆ ನಗು ನಿಂತಿತು. ಶಿವಮ್ಮ ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಮಾತಾಡುವಾಗ ಅವಳು ಸುಳ್ಳು ಹೇಳುತ್ತಿಲ್ಲ. ತಾನು ಹೇಳುವುದನ್ನು ಅವಳೇ ನಂಬಿದ್ದಾಳೆ, ಅಥವಾ ನಂಬದೆ ಬೇರೆ ದಾರಿ ಇಲ್ಲ. ನನ್ನ ಗೆಳತಿಗೆ ಫೋನ್ ಮಾಡಿದ ದಿನ ನಾನೂ ಹಾಗೇ ಇದ್ದೆ. ಅದನ್ನು ಒಂದು ವರ್ಷ ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ‘ನನಗೂ ಮೋಸ ಆಗೇತಿ’ ಎಂಬ ಮಾತಿನ ಹಿಂದೆ ಅಡಗಿಕೊಂಡಿದ್ದೆ. ಈ ಸಿನಿಮಾ ಶಿವಮ್ಮನನ್ನು ಬೈಯುವುದಿಲ್ಲ, ಪಾಪ ಎನ್ನುವುದೂ ಇಲ್ಲ. ಅವಳ ಹಿಂದೆ ಹಿಂದೆ ನಡೆಯುತ್ತದೆ ಅಷ್ಟೆ. ಮೋಸ ಹೋದವಳೇ ಮೋಸ ಮಾಡಿದವಳೂ ಆಗಿರಬಹುದು ಎಂದು ನನಗೆ ಯಾವ ಭಾಷಣವೂ ಹೇಳಿರಲಿಲ್ಲ.

ಆ ಸಿನಿಮಾ ಚಿತ್ರಮಂದಿರಕ್ಕೆ ಬಂದದ್ದು ಯಾವಾಗ ಎಂದು ಆಮೇಲೆ ಹುಡುಕಿದೆ. 2024ರ ಜೂನ್ 14. ನನಗೆ ಆ ಫೋನ್ ಬರುವುದಕ್ಕೆ ಒಂದು ತಿಂಗಳು ಮೊದಲು!

ನಮ್ಮ ಊರಿನ ಸುತ್ತ ಯಾರೂ ಅದರ ಹೆಸರು ಹೇಳಿದ್ದು ನಾನು ಕೇಳಲಿಲ್ಲ. ಒಂದು ಪೋಸ್ಟರ್ ಕಾಣಲಿಲ್ಲ. ಬುಸಾನ್‌ಗೆ ಹೋಗಿಬಂದ ಶಿವಮ್ಮ ನರಗುಂದದ ಬಸ್ ಹತ್ತಲಿಲ್ಲ. ಬಂದಿದ್ದರೆ ನಾನು ಉಳಿಯುತ್ತಿದ್ದೆನೇ? ಸತ್ಯ ಹೇಳಬೇಕೆಂದರೆ, ಬಂದಿದ್ದರೂ ನಾನು ಹೋಗುತ್ತಿರಲಿಲ್ಲವೇನೋ. ಹೀರೊ ಇಲ್ಲ, ಹಾಡಿಲ್ಲ, ನಮ್ಮ ಓಣಿಯ ಹೆಂಗಸನ್ನು ನೋಡಲು ದುಡ್ಡು ಯಾಕೆ ಕೊಡಬೇಕು ಎನ್ನುತ್ತಿದ್ದೆ. ಕಾಂತಾರಕ್ಕೆ 250 ಕೊಟ್ಟವಳು ಶಿವಮ್ಮನನ್ನು ಪುಕ್ಕಟೆ ನೋಡಿದ್ದೇನೆ. ಥಿಯೇಟರಿನವರನ್ನು ಬೈಯುವ ಮೊದಲು ಇದನ್ನೂ ಬರೆಯಬೇಕು.

ನಮ್ಮ ಮಾತು ನಗಿಸಲಿಕ್ಕಷ್ಟೇ?

ಅದೇ ವಾರ ‘ಫೋಟೋ’ ಸಿನಿಮಾವನ್ನೂ ನೋಡಿದೆ. 2024ರ ಮಾರ್ಚ್‌ನಲ್ಲಿ ತೆರೆಕಂಡ, ಉತ್ಸವ್ ಗೋನವಾರ ಅವರ ಸಿನಿಮಾ. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿ ಹೋಗುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್. ಅಪ್ಪ, ಮಗ ನಡೆಯಲು ಶುರು ಮಾಡುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ, ನೀವೇ ನೋಡಿ. ನಮ್ಮ ಓಣಿಯಲ್ಲೂ ಆ ವರ್ಷ ಗೋವಾದಿಂದ, ಮಂಗಳೂರಿನಿಂದ ಗುಳೆ ಹೋದವರು ವಾಪಸು ಬಂದಿದ್ದರು. ಅವರನ್ನು ಊರ ಹೊರಗಿನ ಶಾಲೆಯಲ್ಲಿ ಇರಿಸಿದಾಗ ನಾವು ದೂರ ನಿಂತು ನೋಡಿದ್ದೆವು. ಹತ್ತಿರ ಹೋಗಿ ‘ಹೆಂಗ್ ಬಂದ್ರಿ?’ ಎಂದು ಕೇಳಿದವರು ಕಡಿಮೆ. ಆ ಸಿನಿಮಾ ಕೇಳಿದೆ.

ಈ ಎರಡೂ ಸಿನಿಮಾಗಳಲ್ಲಿ ಉತ್ತರದ ಕನ್ನಡ ಇದೆ, ಆದರೆ ಅದು ಯಾರನ್ನೂ ನಗಿಸಲು ಕೂತಿಲ್ಲ. ನಾನು ಚಿಕ್ಕಂದಿನಿಂದ ಟಿವಿಯಲ್ಲಿ ನೋಡಿದ ಎಷ್ಟೋ ಸಿನಿಮಾಗಳಲ್ಲಿ ‘ಹೌದ್ರೀ, ಹೋಗ್ರೀ’ ಎನ್ನುವವನು ಅಡುಗೆಯವನು, ವಾಚ್‌ಮನ್, ಇಲ್ಲವೇ ಜೋರಾಗಿ ಕೂಗುವ ದಡ್ಡ. ನಾಯಕ ಗದಗದವನಾದರೂ ಪ್ರೀತಿ ಮಾಡುವಾಗ ಬೆಂಗಳೂರಿನ ಕನ್ನಡಕ್ಕೆ ತಿರುಗುತ್ತಾನೆ. ನಮ್ಮ ಮಾತಿನಲ್ಲಿ ಪ್ರೀತಿ ಮಾಡಲು ಬರುವುದಿಲ್ಲವೇ? ಸಾಯಲು ಬರುವುದಿಲ್ಲವೇ? 1997ರಲ್ಲೇ ಟಿ.ಎಸ್. ನಾಗಾಭರಣ ‘ನಾಗಮಂಡಲ’ದಲ್ಲಿ ಈ ಮಾತಿನಲ್ಲೇ ಪ್ರೀತಿ, ಅನುಮಾನ, ಹೆದರಿಕೆ ಎಲ್ಲ ಹೇಳಿಸಿದ್ದರು. ಆಮೇಲೆ ಆ ದಾರಿಯಲ್ಲಿ ಹೋದವರು ಬೆರಳೆಣಿಕೆ.

ಜನಕ್ಕೆ ಅರ್ಥ ಆಗುವುದಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ. ಅದಕ್ಕೇ ‘ಸು ಫ್ರಮ್ ಸೋ’ ನೆನಪಿಡಿ ಎಂದದ್ದು. ಕರಾವಳಿಯ ಮಾತು ಹುಬ್ಬಳ್ಳಿಗೆ ಅರ್ಥ ಆಗುವುದಾದರೆ, ಹುಬ್ಬಳ್ಳಿಯ ಮಾತು ಬೆಂಗಳೂರಿಗೆ ಯಾಕೆ ಅರ್ಥವಾಗುವುದಿಲ್ಲ? ಕರಾವಳಿಯ ಹುಡುಗರು ತಮ್ಮ ನಾಟಕದವರನ್ನು ಕಟ್ಟಿಕೊಂಡು, ತಮ್ಮ ದೈವ, ತಮ್ಮ ಮಾತು, ತಮ್ಮ ಮೀನುಸಾರನ್ನು ನಾಚದೆ ಪರದೆಗೆ ತಂದರು. ನಮ್ಮಲ್ಲಿ ಏನು ಕಡಿಮೆ ಇದೆ? ಜಾತ್ರೆ ಬಂದರೆ ರಾತ್ರಿಯಿಡೀ ನಾಟಕ ಆಡುವ ಊರುಗಳು ನಮ್ಮವು. ಕಂಪನಿ ನಾಟಕ ಹುಟ್ಟಿ ಬೆಳೆದ ಗದಗ ನಮ್ಮ ಜಿಲ್ಲೆ.

ಕಥೆಗಳೂ ಕಡಿಮೆ ಇಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಇವತ್ತಿಗೂ ಆ ದಿನ ನಮ್ಮಲ್ಲಿ ಹುತಾತ್ಮರ ದಿನ. 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಧರಣಿ ಕೂತಾಗ ಸಿನಿಮಾ ನಟರು ಬೆಂಬಲ ಕೊಡಲು ಹುಬ್ಬಳ್ಳಿಗೆ ಬಂದಿದ್ದರು. ಆಗ ನಾನು ಹೈಸ್ಕೂಲು. ಶಿವಣ್ಣ ಬಂದಾರ ಎಂದು ಹುಡುಗರೆಲ್ಲ ಟ್ರ್ಯಾಕ್ಸ್ ಹತ್ತಿ ಹೋಗಿದ್ದರು. ಅವರು ಬಂದದ್ದಕ್ಕೆ ನಮಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಆ ನೀರಿನ ಕಥೆ, ಧರಣಿಯ ಪೆಂಡಾಲಿನಲ್ಲಿ ರೊಟ್ಟಿ ತಂದುಕೊಟ್ಟ ಹೆಂಗಸರ ಕಥೆ ನಾನು ನೋಡಿದ ಯಾವ ಸಿನಿಮಾದಲ್ಲೂ ಬಂದಿಲ್ಲ. ನಮ್ಮಲ್ಲಿಗೆ ಸಿನಿಮಾದವರು ಬರುತ್ತಾರೆ, ನಾವು ಮಾತ್ರ ಸಿನಿಮಾದೊಳಗೆ ಹೋಗಿಲ್ಲ.

‘ನಮ್ಮ ಕಷ್ಟ ನಾವ ಯಾಕ ನೋಡೂಣು?’

ಇದನ್ನೆಲ್ಲ ಹೇಳಿದಾಗ ನನ್ನ ಜೊತೆ ಓದುವ ಗೆಳೆಯನೊಬ್ಬ ನೇರವಾಗಿ ಕೇಳಿದ: ‘ದಿನಾ ಅನುಭವಿಸೂದನ್ನ ರೊಕ್ಕಾ ಕೊಟ್ಟು ಯಾಕ ನೋಡೂಣು? ಎರಡು ತಾಸು ಎಲ್ಲಾ ಮರೀಬೇಕಂತ ಸಿನಿಮಾಕ್ಕ ಹೋಗ್ತೀವಿ.’

ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಓದಿದ್ದು ನೆನಪಿರದ, ನೋಟಿಫಿಕೇಷನ್ ಬರದ, ಬಂದರೂ ಪರೀಕ್ಷೆ ಮುಂದಕ್ಕೆ ಹೋಗುವ ದಿನಗಳಲ್ಲಿ ನನಗೂ ಮರೆಯುವುದೇ ಬೇಕು. ಕಾಂತಾರದ ಆ ಅರ್ಧ ತಾಸು ನನಗೆ ನಿಜವಾಗಿ ಬೇಕಿತ್ತು. ಮರೆಸುವ ಸಿನಿಮಾ ಕೀಳು, ನೆನಪಿಸುವ ಸಿನಿಮಾ ಮೇಲು ಎಂದು ನಾನು ಹೇಳುತ್ತಿಲ್ಲ. ನನ್ನ ವಾದ ಇಷ್ಟೇ: ಮರೆಸುವುದಷ್ಟೇ ನಮ್ಮ ಊರಿನ ತನಕ ಬಂದು, ನೆನಪಿಸುವುದು ಬುಸಾನ್‌ನಲ್ಲೇ ಉಳಿದರೆ ನಷ್ಟ ನಮಗೇ. ಲಾಕ್‌ಡೌನ್‌ನಲ್ಲಿ ನಡೆದವರನ್ನು ಮರೆತರೆ ಸರ್ಕಾರಕ್ಕೆ ಅನುಕೂಲ. ಚೈನ್ ವ್ಯಾಪಾರದ ಕಥೆಯನ್ನು ಮರೆತರೆ ಮುಂದಿನ ಜುಲೈನಲ್ಲಿ ಫೋನ್ ಮಾಡುವವನಿಗೆ ಅನುಕೂಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು, ಇದು ಸಿನಿಮಾದ ಹೊರಗಿನದು. ಕೆಲಸ ಕೊಡುವವರು ನಿಮಗೆ ಸಂಬಳ ಕೊಡಬೇಕು, ನೀವು ಅವರಿಗೆ ದುಡ್ಡು ಕೊಡುವುದಲ್ಲ. ಮಂದಿಯನ್ನು ಸೇರಿಸಿದ್ದಕ್ಕೆ ಹಣ ಸಿಗುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಅದಕ್ಕೂ ಹಿಂದೆ 1978ರಿಂದಲೇ ಇಂಥ ಹಣದ ಚಲಾವಣೆಗೆ ನಿಷೇಧದ ಕಾಯ್ದೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದನ್ನು ನಾನು ತಿಳಿದುಕೊಂಡದ್ದು ಹದಿನಾಲ್ಕು ಸಾವಿರ ಹೋದ ಮೇಲೆ.

ಇನ್ನು ಸಿನಿಮಾ ನಮ್ಮ ಊರಿಗೆ ಬರುವುದು ಹೇಗೆ? ಹೊಸ ಥಿಯೇಟರ್ ಕಟ್ಟಿಸಲು ನಮ್ಮಿಂದಾಗದು. ಆದರೆ ಪ್ರತಿ ಪದವಿ ಕಾಲೇಜಿನಲ್ಲೂ ಪ್ರೊಜೆಕ್ಟರ್ ಇರುವ ಒಂದು ಕೋಣೆ ಇದ್ದೇ ಇದೆ. ವರ್ಷಕ್ಕೊಮ್ಮೆ ಎನ್ಎಸ್ಎಸ್ ಶಿಬಿರಕ್ಕೆ ಹಳ್ಳಿಗೆ ಹೋಗುತ್ತೇವೆ, ಅಲ್ಲಿ ಸಂಜೆ ಭಾಷಣ ಮಾಡಿಸುತ್ತೇವೆ. ನಿರ್ಮಾಪಕರ ಒಪ್ಪಿಗೆ ಪಡೆದು, ಅವರಿಗೆ ಕೊಡಬೇಕಾದ್ದನ್ನು ವಂತಿಗೆ ಎತ್ತಿ ಕೊಟ್ಟು, ಅಲ್ಲೊಂದು ಸಿನಿಮಾ ತೋರಿಸಬಹುದಲ್ಲ? ಶಿರೋಳದ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಎಂದೇ ಹೆಸರು. ಮನೆಮನೆಯ ರೊಟ್ಟಿ ಒಂದೇ ಕಡೆ ಸೇರಿ, ಎಲ್ಲರೂ ಕೂತು ಉಣ್ಣುತ್ತಾರೆ. ಅಂಥ ಊರಿನಲ್ಲಿ ಒಂದು ರಾತ್ರಿ ಬಿಳಿ ಪರದೆ ಕಟ್ಟಿ ಶಿವಮ್ಮನನ್ನು ಕರೆಸುವುದು ಏನು ಕಷ್ಟ? ತಲೆಗೆ ಇಪ್ಪತ್ತು ರೂಪಾಯಿ ಎಂದರೂ ನಮ್ಮ ಜನ ಕೊಟ್ಟು ನೋಡುತ್ತಾರೆ ಎಂಬ ನಂಬಿಕೆ ನನಗಿದೆ.

ಮೊನ್ನೆ ಆ ಲ್ಯಾಪ್‌ಟಾಪನ್ನು ಮತ್ತೆ ತರಿಸಿ ಅವ್ವನಿಗೆ ಶಿವಮ್ಮನನ್ನು ತೋರಿಸಿದೆ. ಕಾಳು ಹಸನ ಮಾಡುತ್ತ ನೋಡಲು ಕೂತವಳು ಅರ್ಧಕ್ಕೆ ಮರ ಬದಿಗಿಟ್ಟಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗ ಫೋನ್ ಮಾಡಿದಾಂವನ ಈಕಿಗೂ ಮಾಡಿದ್ನೇನ?’ ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳೇ ಕೇಳಿದಳು: ‘ಆ ಹುಡುಗಿ ರೊಕ್ಕ ಎಷ್ಟು ತೀರಿಸಿದಿ?’

ಅರ್ಧ ತೀರಿದೆ. ಮನೆಪಾಠ ಹೇಳಿ ತಿಂಗಳಿಗೆ ಐನೂರು, ಸಾವಿರ ಎಂದು ಗೆಳತಿಗೆ ಕಳಿಸುತ್ತಿದ್ದೇನೆ. ಅವಳು ದುಡ್ಡು ಬಂತು ಎಂದಷ್ಟೇ ಉತ್ತರಿಸುತ್ತಾಳೆ. ಕಳೆದ ತಿಂಗಳ ಕಂತಿನ ಜೊತೆ ಸಿನಿಮಾದ ಹೆಸರನ್ನೂ ಬರೆದು ಕಳಿಸಿದ್ದೆ. ‘ನೋಡೀನಿ’ ಎಂದು ಒಂದೇ ಶಬ್ದ ಬಂತು. ಏನನಿಸಿತು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.